ಹೈಲೈಟ್ಸ್‌ಗೆ ಸಿಗದ ಹಲೆಪ್: ಹಳೆಯ ಟೆನಿಸ್ ಪಂದ್ಯಗಳ ವಿಡಿಯೊ ಸೇವೆಯೊಂದರ ವಿಮರ್ಶೆ

ಮೂರು ತಿಂಗಳಿಂದ ನಾನು ಹಳೆಯ ಟೆನಿಸ್ ಪಂದ್ಯಗಳನ್ನು ತೋರಿಸುವ ವಿಡಿಯೊ ಸೇವೆಯೊಂದರ ಚಂದಾದಾರ. ನೇರಪ್ರಸಾರದ ಆಸೆಗೆ ಹಣ ಕಟ್ಟಿದವನಲ್ಲ. ರೊಮೇನಿಯಾದ ಸಿಮೋನಾ ಹಲೆಪ್ 2025ರ ಫೆಬ್ರುವರಿ 4ರಂದು ಆಟಕ್ಕೆ ವಿದಾಯ ಹೇಳಿದ ಮೇಲೆ, ಅವರ ವೃತ್ತಿಜೀವನವನ್ನು ನಡೆದ ಕ್ರಮದಲ್ಲಿಯೇ, ಸೋಲುಗಳನ್ನೂ ಬಿಡದೆ, ಒಮ್ಮೆ ಪೂರ್ತಿ ನೋಡಿಬಿಡಬೇಕು ಎಂಬ ಹಂಬಲವಿತ್ತು. ಅದಕ್ಕೆ ತಕ್ಕದ್ದೆಂದು ಕಂಡದ್ದು ಈ ಸೇವೆ. ಅದರ ಹೆಸರು ಹೇಳದೆ ಬರೆಯುತ್ತಿದ್ದೇನೆ. ಇಂಥದೇ ಬೇರೊಂದು ಸೇವೆಗೆ ಚಂದಾ ಕಟ್ಟಲು ಹೊರಟವರೂ ಮುಂದಿನ ಮಾತುಗಳನ್ನು ಒಂದು ಅಳತೆಗೋಲಾಗಿ ಇಟ್ಟುಕೊಳ್ಳಬಹುದು.

ಇಲ್ಲಿ ಒಂದೇ ಪಂದ್ಯ ಮೂರು ರೂಪಗಳಲ್ಲಿ ಸಿಗುತ್ತದೆ: ಮೂರು ನಿಮಿಷದ ಹೈಲೈಟ್ಸ್, ಸುಮಾರು ಅರ್ಧ ಗಂಟೆಯ ಸಂಕ್ಷಿಪ್ತ ಆವೃತ್ತಿ ಮತ್ತು ಪೂರ್ಣ ಪಂದ್ಯ. ಮೊದಲ ವಾರ ನಾನು ಹೈಲೈಟ್ಸ್‌ಗಳನ್ನಷ್ಟೇ ನೋಡಿದೆ. ಅದರಿಂದ ಹಲೆಪ್ ಅವರ ಎದುರಾಳಿಗಳ ಬಗ್ಗೆ ಬಹಳಷ್ಟು ತಿಳಿಯಿತು; ಹಲೆಪ್ ಬಗ್ಗೆ ತಿಳಿದದ್ದು ಕಡಿಮೆ.

ಕಾರಣ ಅವರ ಆಟದಲ್ಲೇ ಇದೆ. ಹಲೆಪ್ ಅವರ ಎತ್ತರ 1.68 ಮೀಟರ್, ಒಂದೇ ಏಟಿಗೆ ಅಂಕ ತಂದುಕೊಡುವಂಥ ಸರ್ವ್ ಅವರ ಕೈಯಲ್ಲಿರಲಿಲ್ಲ. ಅಂಕಣದ ಉದ್ದಗಲಕ್ಕೆ ಓಡಿ, ಇನ್ನು ಸಿಗದು ಎಂದುಕೊಂಡ ಚೆಂಡನ್ನೂ ಮರಳಿಸಿ, ಬ್ಯಾಕ್‌ಹ್ಯಾಂಡ್‌ನಲ್ಲಿ ಇದ್ದಕ್ಕಿದ್ದಂತೆ ದಿಕ್ಕು ಬದಲಿಸಿ ಎದುರಾಳಿಯ ಹೆಜ್ಜೆ ತಪ್ಪಿಸುವುದು ಅವರು ಕಂಡುಕೊಂಡ ದಾರಿ. ಹೈಲೈಟ್ಸ್ ಕತ್ತರಿಸುವವರಿಗೆ ಬೇಕಾದದ್ದು ಕೊನೆಯ ಹೊಡೆತ. ಹಲೆಪ್ ಬಹುಪಾಲು ಅಂಕಗಳನ್ನು ಗೆದ್ದುಕೊಳ್ಳುತ್ತಿದ್ದದ್ದು ಅದಕ್ಕೂ ನಾಲ್ಕೈದು ಹೊಡೆತ ಮೊದಲೇ. ಕತ್ತರಿ ಬಿದ್ದ ತುಣುಕಿನಲ್ಲಿ ಉಳಿಯುವುದು ಎದುರಾಳಿ ಚೆಂಡನ್ನು ನೆಟ್‌ಗೆ ಹೊಡೆಯುವ ದೃಶ್ಯ ಮಾತ್ರ, ಅದೂ ಉಳಿದರೆ.

2017ರ ಫ್ರೆಂಚ್ ಓಪನ್ ಫೈನಲ್ ಇದಕ್ಕೆ ನನಗೆ ಸಿಕ್ಕ ಅತಿ ಸ್ಪಷ್ಟ ಉದಾಹರಣೆ. ಎದುರಿಗಿದ್ದವರು ಆ ಟೂರ್ನಿಯಲ್ಲಿ ಶ್ರೇಯಾಂಕವಿಲ್ಲದ, ವಿಶ್ವದ 47ನೇ ಕ್ರಮಾಂಕದ, ಎರಡು ದಿನಗಳ ಹಿಂದಷ್ಟೇ 20 ತುಂಬಿದ್ದ ಲಾತ್ವಿಯಾದ ಯೆಲೆನಾ ಒಸ್ಟಾಪೆಂಕೊ. ಅಂದು ಒಸ್ಟಾಪೆಂಕೊ 54 ವಿನ್ನರ್‌ಗಳನ್ನು, ಅಂದರೆ ಎದುರಾಳಿಗೆ ಮುಟ್ಟಲೂ ಸಿಗದ ಹೊಡೆತಗಳನ್ನು, ಹೊಡೆದರೆ ಹಲೆಪ್ ಹೊಡೆದದ್ದು ಕೇವಲ 8. ಮೂರು ನಿಮಿಷದ ತುಣುಕನ್ನು ನೋಡಿದವರು, ಒಬ್ಬಾಕೆ ಹೊಡೆಯುತ್ತಲೇ ಇದ್ದರು, ಇನ್ನೊಬ್ಬರು ನಿಂತು ನೋಡಿದರು ಎಂದೇ ತಿಳಿಯುತ್ತಾರೆ. ಪೂರ್ಣ ಪಂದ್ಯದಲ್ಲಿ ಕಾಣುವುದು ಬೇರೆ. ಒಸ್ಟಾಪೆಂಕೊ ಅವರ ಸ್ವಯಂಕೃತ ತಪ್ಪುಗಳೂ 54. ಹಲೆಪ್ ಅವರದ್ದು 10. ಮೊದಲ ಸೆಟ್ಟನ್ನು 6-4ರಿಂದ ಗೆದ್ದು ಎರಡನೆಯದರಲ್ಲಿ 3-0 ಮುಂದಿದ್ದವರು ಹಲೆಪ್. ಅಲ್ಲಿಂದ ಪಂದ್ಯ ಕೈಜಾರುವುದನ್ನು ನಿಧಾನವಾಗಿ, ಗೇಮ್ ಗೇಮಿಗೂ ನೋಡಬೇಕು: ಹಲೆಪ್ ಎಲ್ಲಿಯೂ ಕುಸಿಯುವುದಿಲ್ಲ, ಹೆಚ್ಚು ತಪ್ಪನ್ನೂ ಮಾಡುವುದಿಲ್ಲ, ಆದರೆ ಆ ಕಡೆಯವರ ಹೊಡೆತಗಳು ಗೆರೆಯ ಹೊರಗಿನಿಂದ ಒಳಗೆ ಬರತೊಡಗುತ್ತವೆ, ಮತ್ತು ಅದನ್ನು ತಡೆಯಲು ಈಕೆಯ ಬಳಿ ಇನ್ನೊಂದು ಉಪಾಯವಿಲ್ಲ. 4-6, 6-4, 6-3. ಗೆದ್ದಿದ್ದರೆ ಆ ದಿನವೇ ಮೊದಲ ಗ್ರ್ಯಾನ್‌ಸ್ಲಾಮ್‌ನ ಜೊತೆಗೆ ವಿಶ್ವದ ಅಗ್ರ ರ‍್ಯಾಂಕ್ ಕೂಡ ಅವರದಾಗುತ್ತಿತ್ತು. ಪೂರ್ಣ ಆವೃತ್ತಿಗೆ ಸುಮಾರು ಎರಡು ಗಂಟೆ ಬೇಕು. ಚಂದಾಹಣದ ಬಹುಪಾಲು ಇಂಥ ಎರಡು ಗಂಟೆಗಳಲ್ಲಿಯೇ ಮರಳಿ ಬಂದಿತು ಎಂದು ನನ್ನ ಲೆಕ್ಕ.

ಅದೇ ಟೂರ್ನಿಯ ಕ್ವಾರ್ಟರ್‌ಫೈನಲ್ ಪಂದ್ಯದ ಬಗ್ಗೆ ಈ ಸೇವೆಯ ಮೇಲೆ ನನ್ನ ಮೊದಲ ತಕರಾರು ಇದೆ. ಉಕ್ರೇನಿನ ಎಲಿನಾ ಸ್ವಿಟೋಲಿನಾ ವಿರುದ್ಧ ಹಲೆಪ್ 3-6, 1-5 ಹಿಂದಿದ್ದು, ಒಂದು ಮ್ಯಾಚ್ ಪಾಯಿಂಟ್ (ಎದುರಾಳಿಯ ಗೆಲುವಿಗೆ ಒಂದೇ ಅಂಕ ಬಾಕಿಯಿದ್ದ ಘಟ್ಟ) ಉಳಿಸಿಕೊಂಡು, ಎರಡನೇ ಸೆಟ್ಟನ್ನು ಟೈಬ್ರೇಕರ್‌ನಲ್ಲಿ, ಅಂದರೆ 6-6 ಸಮವಾದಾಗ ಆಡುವ ನಿರ್ಣಾಯಕ ಗೇಮ್‌ನಲ್ಲಿ, ಕಸಿದು, ಮೂರನೆಯದನ್ನು 6-0ಯಿಂದ ಮುಗಿಸಿದರು. ಈ ಪಂದ್ಯವನ್ನು ಗೊತ್ತಿಲ್ಲದೆ ನೋಡುವ ಸುಖವೇ ಬೇರೆ. ಸೇವೆಯವರು ಪಂದ್ಯದ ಶೀರ್ಷಿಕೆಯಲ್ಲಿಯೇ ಫಲಿತಾಂಶ ಬರೆದಿದ್ದಾರೆ. ಅದು ಸಾಲದೆಂಬಂತೆ ಕೆಳಗಿನ ಚಿತ್ರದಲ್ಲಿ ಹಲೆಪ್ ಮುಷ್ಟಿ ಬಿಗಿದು ನಗುತ್ತಿದ್ದಾರೆ. ಸೆಟ್ಟಿಂಗ್ಸ್‌ನಲ್ಲಿ ಅಂಕಗಳನ್ನು ಮರೆಮಾಡುವ ಒಂದು ಗುಂಡಿ ಇದೆ ನಿಜ. ಅದನ್ನು ಒತ್ತಿದರೆ ಅಂಕಿಗಳು ಮಾಯವಾಗುತ್ತವೆ, ಚಿತ್ರ ಹಾಗೆಯೇ ಇರುತ್ತದೆ. 2017ರಷ್ಟು ಹಳೆಯ ಪಂದ್ಯದ ಫಲಿತಾಂಶ ಯಾರಿಗೆ ತಿಳಿದಿಲ್ಲ ಎಂದು ಕೇಳಬಹುದು. ಹಳೆಯ ಪಂದ್ಯ ನೋಡುವವನು ತಿಳಿದದ್ದನ್ನು ಮರೆತಂತೆ ನಟಿಸಿಕೊಂಡು ಕುಳಿತಿರುತ್ತಾನೆ. ಆ ನಟನೆಗೆ ಸೇವೆಯೂ ಸ್ವಲ್ಪ ಸಹಕರಿಸಬೇಕು.

ಮೆಚ್ಚಲೇಬೇಕಾದ ಸೌಲಭ್ಯ ಗೇಮ್‌ವಾರು ಗುರುತುಗಳದ್ದು. ವಿಡಿಯೊದ ಕೆಳಗಿನ ಪಟ್ಟಿಯಲ್ಲಿ ಪ್ರತಿ ಗೇಮ್ ಆರಂಭವಾಗುವ ಕಡೆ ಒಂದು ಚುಕ್ಕೆ ಇದ್ದು, ಬೇಕಾದ ಗೇಮಿಗೆ ನೇರವಾಗಿ ಹೋಗಬಹುದು. 2018ರ ಆಸ್ಟ್ರೇಲಿಯನ್ ಓಪನ್‌ನ ಮೂರನೇ ಸುತ್ತಿನಲ್ಲಿ ಹಲೆಪ್ ಅಮೆರಿಕದ ಲಾರೆನ್ ಡೇವಿಸ್ ಅವರನ್ನು 4-6, 6-4, 15-13ರಿಂದ ಸೋಲಿಸಿದ ಪಂದ್ಯವನ್ನು ತೆರೆದರೆ ಆ ಚುಕ್ಕೆಗಳು ಇರುವೆಸಾಲಿನಂತೆ ಕಾಣುತ್ತವೆ. ಆಗಿನ್ನೂ ಅಲ್ಲಿ ನಿರ್ಣಾಯಕ ಸೆಟ್‌ಗೆ ಟೈಬ್ರೇಕರ್ ಇರಲಿಲ್ಲ. 3 ಗಂಟೆ 44 ನಿಮಿಷದ ಆ ಆಟವನ್ನು ನಾನು ಎರಡು ರಾತ್ರಿಗಳಲ್ಲಿ ನೋಡಿದೆ. ಮೂರನೇ ಸೆಟ್‌ನಲ್ಲಿ 10-11ರಲ್ಲಿ ಸರ್ವ್ ಮಾಡುತ್ತ ಹಲೆಪ್ 0-40ಕ್ಕೆ ಇಳಿದಾಗ ಎದುರಾಳಿಗೆ ಒಟ್ಟಿಗೆ ಮೂರು ಮ್ಯಾಚ್ ಪಾಯಿಂಟ್. ಮೊದಲ ಸುತ್ತಿನಲ್ಲಿಯೇ ಪಾದದ ಕೀಲು ಉಳುಕಿಸಿಕೊಂಡಿದ್ದ ಆಟಗಾರ್ತಿ ಹಲೆಪ್ ಎಂಬುದನ್ನು ನೆನಪಿಟ್ಟುಕೊಂಡು ಆ ಗೇಮ್ ನೋಡಬೇಕು. ಸಂಕ್ಷಿಪ್ತ ಆವೃತ್ತಿಯಲ್ಲಿ ಮೂರೂ ಅಂಕಗಳಿವೆ; ಇಲ್ಲದಿರುವುದು ಒಂದು ಅಂಕಕ್ಕೂ ಇನ್ನೊಂದಕ್ಕೂ ನಡುವಿನ ಹೊತ್ತು. ಪೂರ್ಣ ಆವೃತ್ತಿಯಲ್ಲಿ ಇಬ್ಬರೂ ಬಾಗಿ ಮಂಡಿಗೆ ಕೈ ಊರಿ ನಿಲ್ಲುವುದು, ಟವೆಲ್ ತರಲು ಬೇಕೆಂದೇ ನಿಧಾನವಾಗಿ ನಡೆಯುವುದು, ಚೆಂಡನ್ನು ನೆಲಕ್ಕೆ ಬಡಿಯುವ ಸಂಖ್ಯೆ ಹೆಚ್ಚುತ್ತ ಹೋಗುವುದು ಎಲ್ಲವೂ ಕಾಣುತ್ತದೆ. ದಣಿವು ಎಂಬುದು ಇರುವುದೇ ಆ ಹೊತ್ತಿನಲ್ಲಿ. ಅದನ್ನು ಕತ್ತರಿಸಿ ಎಸೆದ ಮೇಲೆ ಉಳಿಯುವುದು ಯಾರೋ ಇಬ್ಬರು ಚುರುಕಾಗಿ ಆಡಿದ ಚಿಕ್ಕ ಪಂದ್ಯ.

ಆ ಟೂರ್ನಿಯಲ್ಲಿ ಅವರು ತೊಟ್ಟಿದ್ದ ಕೆಂಪು ಉಡುಪನ್ನೂ ಗಮನಿಸಿ. ಎದೆಯ ಮೇಲೆ ಯಾವ ಕಂಪನಿಯ ಗುರುತೂ ಇಲ್ಲ. ಹಿಂದಿನ ವರ್ಷದ ಕೊನೆಗೆ ಉಡುಪಿನ ಪ್ರಾಯೋಜಕತ್ವದ ಒಪ್ಪಂದ ಮುಗಿದಿತ್ತು, ಹೊಸದು ಆಗಿರಲಿಲ್ಲ. ವಿಶ್ವದ ಅಗ್ರ ಕ್ರಮಾಂಕದ ಆಟಗಾರ್ತಿ ಚೀನಾದಿಂದ ಆನ್‌ಲೈನ್‌ನಲ್ಲಿ ತರಿಸಿಕೊಂಡ ಸಾದಾ ಉಡುಪಿನಲ್ಲಿ ಆಡಿದರು. ಅದೇ ಉಡುಪಿನಲ್ಲಿ ಸೆಮಿಫೈನಲ್‌ನಲ್ಲಿ ಏಂಜಲಿಕ್ ಕೆರ್ಬರ್ ವಿರುದ್ಧ ಎರಡು ಮ್ಯಾಚ್ ಪಾಯಿಂಟ್ ಉಳಿಸಿ 9-7ರಿಂದ ಗೆದ್ದು, ಫೈನಲ್‌ನಲ್ಲಿ ಕರೋಲಿನ್ ವೋಜ್ನಿಯಾಕಿ ಅವರಿಗೆ 7-6, 3-6, 6-4ರಿಂದ ಸೋತರು. ಆ ರಾತ್ರಿ ದೇಹದಲ್ಲಿ ನೀರಿನಂಶ ಕುಸಿದು ಆಸ್ಪತ್ರೆ ಸೇರಬೇಕಾಯಿತು. ಜನಪ್ರಿಯತೆಯನ್ನು ಜಾಹೀರಾತಿನ ಹಣದಿಂದ ಅಳೆಯುವವರಿಗೆ ಆ ಖಾಲಿ ಕೆಂಪು ಬಟ್ಟೆ ತಕ್ಕ ಉತ್ತರ.

ಜನಪ್ರಿಯತೆಯ ಮಾತು ಬಂದದ್ದರಿಂದ ಈ ಸೇವೆಯ ಅತ್ಯುತ್ತಮ ಗುಣವನ್ನು ಹೇಳಿಬಿಡುತ್ತೇನೆ. ಕೆಲವು ದೊಡ್ಡ ಪಂದ್ಯಗಳಿಗೆ ವೀಕ್ಷಕ ವಿವರಣೆಯನ್ನು ತೆಗೆದು ಕ್ರೀಡಾಂಗಣದ ಧ್ವನಿಯನ್ನು ಮಾತ್ರ ಕೇಳುವ ಆಯ್ಕೆ ಇದೆ. 2018ರ ಜೂನ್ 9ರ ಫ್ರೆಂಚ್ ಓಪನ್ ಫೈನಲ್ಲನ್ನು ಹಾಗೆ ಕೇಳಿದೆ. ಅಮೆರಿಕದ ಸ್ಲೋನ್ ಸ್ಟೀಫನ್ಸ್ ಮೊದಲ ಸೆಟ್ಟನ್ನು 6-3ರಿಂದ ಗೆದ್ದು ಎರಡನೆಯದರಲ್ಲಿ 2-0 ಮುಂದೆ ಹೋದಾಗ ಗ್ಯಾಲರಿ ಒಂದು ಕ್ಷಣ ತಣ್ಣಗಾಗುತ್ತದೆ; ಬಳಿಕ ಮೂರು ಅಕ್ಷರಗಳು ತಾಳಬದ್ಧವಾಗಿ ಏಳುತ್ತವೆ: ಸಿ-ಮೋ-ನಾ, ಸಿ-ಮೋ-ನಾ. ಆವೆ ಮಣ್ಣಿನ ಮೇಲೆ ಶೂ ಜಾರುವ ಸದ್ದು, ಚೆಂಡಿನ ಸದ್ದು, ಮತ್ತೆ ಅದೇ ಮೂರು ಅಕ್ಷರ. ಮುಂದಿನ ಹದಿನೈದು ಗೇಮ್‌ಗಳಲ್ಲಿ ಹಲೆಪ್ ಗೆದ್ದದ್ದು ಹನ್ನೆರಡು... ಲೆಕ್ಕ ಇದ್ದೇ ಇದೆ, 3-6, 6-4, 6-1. ವಿವರಣೆಕಾರರ ಮಾತಿದ್ದಾಗ ಇದು ಮೂರು ಫೈನಲ್‌ಗಳನ್ನು ಸೋತವರು ನಾಲ್ಕನೆಯದನ್ನು ಗೆದ್ದ ಕಥೆ. ಮಾತಿಲ್ಲದಾಗ ಇದು ಪ್ಯಾರಿಸ್‌ಗೆ ಬಂದು ಕುಳಿತ ರೊಮೇನಿಯನ್ನರ ಕಥೆ.

ಅವರು ಹಾಗೆ ಕೂಗಲು ಕಾರಣವಿತ್ತು. ರೊಮೇನಿಯಾಕ್ಕೆ ಟೆನಿಸ್ ಹೊಸದಲ್ಲ. ಇಲಿಯೆ ನಸ್ಟಾಸೆ 1972ರಲ್ಲಿ ಅಮೆರಿಕ ಓಪನ್, 1973ರಲ್ಲಿ ಫ್ರೆಂಚ್ ಓಪನ್ ಗೆದ್ದು, ಅದೇ ವರ್ಷ ಪುರುಷರ ರ‍್ಯಾಂಕಿಂಗ್ ಪಟ್ಟಿಯ ಮೊಟ್ಟಮೊದಲ ಅಗ್ರ ಆಟಗಾರರಾದವರು. ಅವರೂ ಇಯಾನ್ ಟಿರಿಯಾಕ್ ಅವರೂ ಸೇರಿ ರಾಷ್ಟ್ರಗಳ ನಡುವಿನ ಡೇವಿಸ್ ಕಪ್ ಟೂರ್ನಿಯ 1972ರ ಫೈನಲ್ಲನ್ನು ಬುಖಾರೆಸ್ಟ್‌ಗೆ ತಂದಿದ್ದರು. ಮಹಿಳೆಯರಲ್ಲಿ ವರ್ಜಿನಿಯಾ ರುಜಿಚಿ 1978ರಲ್ಲಿ ಫ್ರೆಂಚ್ ಓಪನ್ ಗೆದ್ದ ಮೇಲೆ ಮತ್ತೊಬ್ಬರಿಗಾಗಿ ಸರಿಯಾಗಿ ನಾಲ್ವತ್ತು ವರ್ಷ ಕಾಯಬೇಕಾಯಿತು, ಮತ್ತು ಆ ಮತ್ತೊಬ್ಬರ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದವರು ಇದೇ ರುಜಿಚಿ. ಕಪ್ಪು ಸಮುದ್ರದ ದಡದ ಕೊನ್‌ಸ್ಟಾನ್ತ್ಸಾದಲ್ಲಿ 1991ರ ಸೆಪ್ಟೆಂಬರ್ 27ರಂದು ಹುಟ್ಟಿ, ನಾಲ್ಕನೇ ವಯಸ್ಸಿಗೆ ಅಣ್ಣನ ಹಿಂದೆ ಅಂಕಣಕ್ಕೆ ಹೋಗಿ, ಹದಿನಾರಕ್ಕೆ ಬುಖಾರೆಸ್ಟ್ ಸೇರಿದ ಹುಡುಗಿ ಕಪ್ ಹಿಡಿದು ಮರಳಿದಾಗ, ಅದನ್ನು ಜನರಿಗೆ ತೋರಿಸಲು ರಾಜಧಾನಿಯ ರಾಷ್ಟ್ರೀಯ ಫುಟ್‌ಬಾಲ್ ಕ್ರೀಡಾಂಗಣವನ್ನೇ ತೆರೆಯಬೇಕಾಯಿತು. ದೇಶದ ಹೊರಗೂ ಅವರಿಗೆ ಅಭಿಮಾನಿಗಳು ಕಡಿಮೆ ಇರಲಿಲ್ಲ. ಮಹಿಳಾ ಟೆನಿಸ್ ಸಂಸ್ಥೆಯ ಅತಿ ಜನಪ್ರಿಯ ಆಟಗಾರ್ತಿ ಪ್ರಶಸ್ತಿ 2014 ಮತ್ತು 2015ರಲ್ಲಿ, ಅಂದರೆ ಗ್ರ್ಯಾನ್‌ಸ್ಲಾಮ್ ಗೆಲ್ಲುವ ಎಷ್ಟೋ ಮೊದಲೇ, ಅವರಿಗೆ ಬಂದಿತ್ತು. ನನ್ನ ಅಭಿಪ್ರಾಯದಲ್ಲಿ ಆ ಪ್ರೀತಿ ಹುಟ್ಟಿದ್ದು ಗೆಲುವುಗಳಿಂದಲ್ಲ, 2014ರ ಪ್ಯಾರಿಸ್ ಫೈನಲ್‌ನಿಂದ. ಮರಿಯಾ ಶರಪೋವಾ ಎದುರು ಮೂರು ಗಂಟೆ ಎರಡು ನಿಮಿಷ ಹೋರಾಡಿ 6-4, 6-7, 6-4ರಿಂದ ಸೋತ ಆ ಪಂದ್ಯ ಇಲ್ಲಿ ಪೂರ್ಣವಾಗಿ, ಒಳ್ಳೆಯ ಸ್ಪಷ್ಟತೆಯಲ್ಲಿ ಇದೆ. ಚಂದಾ ಕಟ್ಟಿದವರು ಇದರಿಂದಲೇ ಆರಂಭಿಸಬಹುದು.

ಆದರೆ ಈ ಸೇವೆಯಲ್ಲಿ ಹಲೆಪ್ ಹೆಸರಿನ ಕೆಳಗೆ 'ಹೆಚ್ಚು ವೀಕ್ಷಿಸಿದ್ದು' ಎಂದು ಮೊದಲು ಬರುವುದು 2019ರ ವಿಂಬಲ್ಡನ್ ಫೈನಲ್. ಅದು ಸಹಜ. ಅದಕ್ಕೆ ಮೊದಲಿನ ಹತ್ತು ಭೇಟಿಗಳಲ್ಲಿ ಒಂಬತ್ತರಲ್ಲಿ ತಮ್ಮನ್ನು ಸೋಲಿಸಿದ್ದ, 24ನೇ ಗ್ರ್ಯಾನ್‌ಸ್ಲಾಮ್‌ಗೆ ಒಂದೇ ಹೆಜ್ಜೆ ದೂರದಲ್ಲಿದ್ದ ಸೆರೆನಾ ವಿಲಿಯಮ್ಸ್ ಅವರನ್ನು ಹಲೆಪ್ 6-2, 6-2ರಿಂದ ಸೋಲಿಸಲು ತೆಗೆದುಕೊಂಡದ್ದು 56 ನಿಮಿಷ. ಇಡೀ ಪಂದ್ಯದಲ್ಲಿ ಅವರು ಮಾಡಿದ ಸ್ವಯಂಕೃತ ತಪ್ಪುಗಳು ಮೂರು. ವಿಂಬಲ್ಡನ್ ಸಿಂಗಲ್ಸ್ ಗೆದ್ದ ಮೊದಲ ರೊಮೇನಿಯನ್ ಅವರು. ಹುಲ್ಲಿನಂಕಣದಲ್ಲಿ ಅಷ್ಟು ನಿಖರವಾದ ಆಟವನ್ನು ನಾನು ಕಂಡದ್ದು ಕಡಿಮೆ, ಮತ್ತು ಸಂಕ್ಷಿಪ್ತ ಆವೃತ್ತಿಯ ಅಗತ್ಯವೇ ಇಲ್ಲದ ಏಕೈಕ ಫೈನಲ್ ಇದು. ಹಾಗಿದ್ದರೂ ಇದೊಂದನ್ನೇ ನೋಡಿ ಹಲೆಪ್ ಅವರನ್ನು ಬಲ್ಲೆವೆನ್ನುವವರು, ಜೀವಮಾನವಿಡೀ ಸಾಲ ತೀರಿಸುತ್ತ ಬದುಕಿದವರನ್ನು ಮದುವೆಯ ದಿನದ ಫೋಟೊ ನೋಡಿ ಅಳೆದಂತೆ.

ಇನ್ನು ಕೊರತೆಗಳು. 2012ರ ಕೊನೆಗೆ 47ನೇ ಸ್ಥಾನದಲ್ಲಿದ್ದ ಹಲೆಪ್ 2013ರ ಕೊನೆಗೆ 11ನೇ ಸ್ಥಾನಕ್ಕೆ ಏರಿದರು. ಆ ಒಂದೇ ವರ್ಷದಲ್ಲಿ ನ್ಯೂರೆಂಬರ್ಗ್, ಸೆರ್ಟೊಗೆನ್‌ಬಾಸ್, ಬುಡಾಪೆಸ್ಟ್, ನ್ಯೂಹೇವನ್, ಮಾಸ್ಕೊ ಮತ್ತು ಸೋಫಿಯಾದಲ್ಲಿ ಆರು ಪ್ರಶಸ್ತಿಗಳು ಬಂದವು. ಆವೆ ಮಣ್ಣು, ಹುಲ್ಲು, ಗಟ್ಟಿ ಅಂಕಣ ಮೂರರಲ್ಲೂ ಗೆದ್ದ ಆ ವರ್ಷವೇ ಅವರ ವೃತ್ತಿಜೀವನದ ತಿರುವು. ಭಂಡಾರದಲ್ಲಿ ಆ ವರ್ಷದ ಒಂದೂ ಪೂರ್ಣ ಫೈನಲ್ ಇಲ್ಲ. ತವರಿನ ಜನರ ಮುಂದೆ ಬುಖಾರೆಸ್ಟ್‌ನಲ್ಲಿ 2014 ಮತ್ತು 2016ರಲ್ಲಿ ಗೆದ್ದ ಪಂದ್ಯಗಳೂ ಇಲ್ಲ. ಎರಡನೆಯದರಲ್ಲಿ ಅನಸ್ಟಾಸಿಯಾ ಸೆವಸ್ಟೊವಾ ಅವರನ್ನು 6-0, 6-0ಯಿಂದ ಸೋಲಿಸಿದ್ದರು. ಈ ಬಗ್ಗೆ ಗ್ರಾಹಕ ಸೇವೆಗೆ ಬರೆದೆ. ಹತ್ತು ದಿನಗಳ ಬಳಿಕ ಬಂದ ಉತ್ತರ ಸೌಜನ್ಯದಿಂದ ಕೂಡಿತ್ತು, ಸಣ್ಣ ಟೂರ್ನಿಗಳ ಪ್ರಸಾರದ ಹಕ್ಕು ತಮ್ಮಲ್ಲಿಲ್ಲ ಎಂದು ಒಪ್ಪಿಕೊಂಡಿತ್ತು. ಒಪ್ಪತಕ್ಕ ಮಾತೇ. ಆದರೆ ಚಂದಾ ಕಟ್ಟುವ ಪುಟದಲ್ಲಿ 'ಸಂಪೂರ್ಣ ವೃತ್ತಿಜೀವನ' ಎಂದು ದೊಡ್ಡ ಅಕ್ಷರಗಳಲ್ಲಿ ಬರೆದದ್ದನ್ನು ಆ ಉತ್ತರ ಬಂದ ಮೇಲೂ ಯಾರೂ ತಿದ್ದಿಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಆಟಗಾರ್ತಿಯ ಪರಿಚಯ ಪುಟ. 64 ವಾರ ಅಗ್ರಸ್ಥಾನ, 24 ಸಿಂಗಲ್ಸ್ ಪ್ರಶಸ್ತಿಗಳು, 2017 ಮತ್ತು 2018ರ ವರ್ಷಾಂತ್ಯದ ನಂಬರ್ ಒನ್ ಎಲ್ಲವೂ ಸರಿಯಾಗಿವೆ. 2022ರ ನಂತರ ಮಾತ್ರ ಪುಟ ಹಾರಿ 2024ಕ್ಕೆ ಬರುತ್ತದೆ. ಆ ನಡುವೆ ನಡೆದದ್ದನ್ನು ಮುಚ್ಚಿಡುವುದರಿಂದ ಹಲೆಪ್ ಅವರಿಗೂ ಉಪಕಾರವಾಗುವುದಿಲ್ಲ. 2022ರ ಅಮೆರಿಕ ಓಪನ್ ವೇಳೆ ಪಡೆದ ಮಾದರಿಯಲ್ಲಿ ರೊಕ್ಸಡುಸ್ಟಾಟ್ ಎಂಬ ನಿಷೇಧಿತ ಮದ್ದು ಪತ್ತೆಯಾಗಿ ಆ ಅಕ್ಟೋಬರ್‌ನಲ್ಲಿ ಅವರನ್ನು ತಾತ್ಕಾಲಿಕವಾಗಿ ಅಮಾನತು ಮಾಡಲಾಯಿತು. 2023ರ ಸೆಪ್ಟೆಂಬರ್‌ನಲ್ಲಿ ನಾಲ್ಕು ವರ್ಷಗಳ ನಿಷೇಧ ಬಿತ್ತು. 2024ರ ಮಾರ್ಚ್ 5ರಂದು ಕ್ರೀಡಾ ನ್ಯಾಯಮಂಡಳಿ, ಕಲಬೆರಕೆಯಾದ ಪೂರಕ ಆಹಾರದಿಂದ ಅದು ದೇಹ ಸೇರಿರುವ ಸಂಭವವೇ ಹೆಚ್ಚೆಂದು ಒಪ್ಪಿ, ಉದ್ದೇಶಪೂರ್ವಕವಲ್ಲವೆಂದು ತೀರ್ಮಾನಿಸಿ, ಶಿಕ್ಷೆಯನ್ನು ಒಂಬತ್ತು ತಿಂಗಳಿಗೆ ಇಳಿಸಿತು. ಅಷ್ಟರಲ್ಲಿ ಹದಿನೇಳು ತಿಂಗಳು ಕಳೆದಿದ್ದವು. ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆಯದೆ ಖಾಲಿ ಬಿಟ್ಟರೆ, ಅದೇ ತಿಂಗಳು ಮಯಾಮಿಯಲ್ಲಿ ಪೌಲಾ ಬಡೋಸಾ ವಿರುದ್ಧ ಮೊದಲ ಸೆಟ್ಟನ್ನು 6-1ರಿಂದ ಗೆದ್ದು ಬಳಿಕ ಕಾಲು ಸೋತ ಪಂದ್ಯ ಹೊಸ ವೀಕ್ಷಕನಿಗೆ ಅರ್ಥವೇ ಆಗುವುದಿಲ್ಲ. ಆ ಪಂದ್ಯ ಪೂರ್ಣವಾಗಿ ಇಲ್ಲಿದೆ, ಅದರ ಹಿನ್ನೆಲೆ ಮಾತ್ರ ಇಲ್ಲ.

ಕೊನೆಯ ಪಂದ್ಯ ರೊಮೇನಿಯಾದ ಕ್ಲೂಜ್-ನಪೋಕಾದಲ್ಲಿ ನಡೆದದ್ದು. ಇಟಲಿಯ ಲೂಸಿಯಾ ಬ್ರೊಂಜೆಟ್ಟಿ 6-1, 6-1ರಿಂದ ಗೆದ್ದರು. ಸೇವೆಯಲ್ಲಿ ಪಂದ್ಯ ಇಲ್ಲ, ಅಂಕಣದಲ್ಲಿ ನಿಂತು ಹಲೆಪ್ ಮಾಡಿದ ವಿದಾಯದ ಮಾತಷ್ಟೇ ಇದೆ. ಅವರು ಮಾತಾಡಿದ್ದು ತಮ್ಮ ಜನರೊಂದಿಗೆ, ರೊಮೇನಿಯನ್ ಭಾಷೆಯಲ್ಲಿ. ಸೇವೆಯವರು ಯಂತ್ರದಿಂದ ಹುಟ್ಟಿಸಿದ ಇಂಗ್ಲಿಷ್ ಉಪಶೀರ್ಷಿಕೆಗಳನ್ನು ಅಂಟಿಸಿದ್ದಾರೆ, ಮತ್ತು ಅವು ಮಾತಿಗಿಂತ ಒಂದು ವಾಕ್ಯ ಹಿಂದೆ ಓಡುತ್ತವೆ. ದುಃಖವೋ ಸಂತೋಷವೋ, ಎರಡೂ ಇರಬಹುದು ಎಂಬ ಅರ್ಥದ ಮಾತನ್ನು ಅವರು ಹೇಳಿ ಮುಗಿಸಿ ನಕ್ಕ ಮೇಲೆ 'ದುಃಖ' ಎಂಬ ಪದ ಪರದೆಯ ಮೇಲೆ ಬರುತ್ತದೆ. ಉಪಶೀರ್ಷಿಕೆ ನಿಲ್ಲಿಸಿ ಮುಖವನ್ನಷ್ಟೇ ನೋಡುವುದು ಮೇಲು.

ವ್ಯವಹಾರದ ವಿಷಯದಲ್ಲಿ ಎರಡು ಎಚ್ಚರಿಕೆಗಳು. ಚಂದಾ ತಾನಾಗಿಯೇ ನವೀಕರಣವಾಗುತ್ತದೆ, ಮತ್ತು ಅದನ್ನು ನಿಲ್ಲಿಸುವ ಗುಂಡಿ ಮೊಬೈಲ್ ಆ್ಯಪ್‌ನಲ್ಲಿ ಇಲ್ಲ, ವೆಬ್‌ಸೈಟಿನ ಖಾತೆ ಪುಟದಲ್ಲಿ ಹುಡುಕಬೇಕು. ಹುಡುಕಾಟದ ಪೆಟ್ಟಿಗೆಯೂ ಬುದ್ಧಿವಂತನದ್ದಲ್ಲ. ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಏನೂ ಸಿಗಲಿಲ್ಲ ಎನ್ನುತ್ತದೆ. ವರ್ಷ ಮತ್ತು ಟೂರ್ನಿಯ ಮೂಲಕ ಹೋದರೆ ಎಲ್ಲವೂ ಸಿಗುತ್ತದೆ. ವಿಡಿಯೊದ ಸ್ಪಷ್ಟತೆ 2014ರಿಂದ ಈಚಿನ ಪಂದ್ಯಗಳಲ್ಲಿ ತೃಪ್ತಿಕರ.

ಹೈಲೈಟ್ಸ್ ಸಾಕೆನ್ನುವವರು ಇದಕ್ಕೆ ಹಣ ಕಟ್ಟಬೇಕಾಗಿಲ್ಲ, ಅವು ಉಚಿತವಾಗಿ ಬೇರೆಡೆಯೂ ಸಿಗುತ್ತವೆ. ಪೂರ್ಣ ಪಂದ್ಯಕ್ಕೆ ಕೂರುವ ತಾಳ್ಮೆ ಇರುವವರು ಒಂದೆರಡು ತಿಂಗಳ ಚಂದಾ ಪಡೆಯಬಹುದು. ವಾರ್ಷಿಕ ಯೋಜನೆ ಬೇಡ. ನಾನು ಈ ತಿಂಗಳಿಗೆ ಮತ್ತೆ ಕಟ್ಟಿದ್ದೇನೆ. 2018ರ ಅಮೆರಿಕ ಓಪನ್ ಮೊದಲ ಸುತ್ತಿನಲ್ಲಿ, ಅಗ್ರ ಕ್ರಮಾಂಕದಲ್ಲಿದ್ದಾಗಲೇ, ಕೈಯಾ ಕನೇಪಿ ಅವರಿಗೆ ನೇರ ಸೆಟ್‌ಗಳಲ್ಲಿ ಸೋತ ಪಂದ್ಯವನ್ನು ಇಷ್ಟು ದಿನ ಮುಂದೂಡುತ್ತ ಬಂದಿದ್ದೆ. ಅದೊಂದು ಬಾಕಿ ಇದೆ.